ಬೀಗರೂಟ ಮುಗಿದ ಮೇಲೆ

ಜರ್ಮನಿಯ ಸಾವಿರಾರು ಮನೆಗಳ ಬಾಗಿಲನ್ನು 1984ರಿಂದ ವರ್ಷಕ್ಕೊಮ್ಮೆ ಸಮೀಕ್ಷೆಯವರು ತಟ್ಟುತ್ತಾರೆ. ಸಂಬಳ ಎಷ್ಟು, ಬಾಡಿಗೆ ಎಷ್ಟು, ಮನೆಯಲ್ಲಿ ಯಾರ್ಯಾರಿದ್ದಾರೆ, ಹೋದ ವರ್ಷದಿಂದ ಈಚೆಗೆ ಮದುವೆ, ಹೆರಿಗೆ, ಸಾವು ಏನಾದರೂ ಆಯಿತೇ ಎಂದೆಲ್ಲ ಕೇಳಿ ಬರೆದುಕೊಳ್ಳುತ್ತಾರೆ. ಕೊನೆಗೆ ಒಂದು ಪ್ರಶ್ನೆ: ಎಲ್ಲವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ, ಈಗಿನ ನಿಮ್ಮ ಬದುಕು ನಿಮಗೆ ಎಷ್ಟು ತೃಪ್ತಿ ಕೊಟ್ಟಿದೆ? ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕಿ ಹೇಳಿ.

ಮರುವರ್ಷ ಮತ್ತೆ ಅದೇ ಮನೆ, ಅದೇ ಜನ, ಅದೇ ಪ್ರಶ್ನೆ. 'ಸೋಷಿಯೊ-ಎಕನಾಮಿಕ್ ಪ್ಯಾನೆಲ್' ಎಂಬ ಈ ಸಮೀಕ್ಷೆ ಪಶ್ಚಿಮ ಜರ್ಮನಿಯಲ್ಲಿ ಶುರುವಾಗಿ 1990ರಲ್ಲಿ ಪೂರ್ವಕ್ಕೂ ಹಬ್ಬಿತು. ಮಕ್ಕಳು ದೊಡ್ಡವರಾಗಿ ಬೇರೆ ಮನೆ ಮಾಡಿದರೆ ಸಮೀಕ್ಷೆಯೂ ಅವರ ಹಿಂದೆಯೇ ಹೋಗುತ್ತದೆ. ಹೀಗಾಗಿ ಒಂಟಿಯಾಗಿದ್ದಾಗ 'ಏಳು' ಎಂದಿದ್ದವನು ಮದುವೆಯಾದ ವರ್ಷ ಏನೆಂದ, ಐದು ವರ್ಷ ಕಳೆದ ಮೇಲೆ ಏನೆಂದ, ಹೆಂಡತಿ ತೀರಿಕೊಂಡ ವರ್ಷ ಏನೆಂದ ಎಂಬುದೆಲ್ಲ ಅದರ ಕಡತಗಳಲ್ಲಿ ಸಾಲಾಗಿ ಸಿಗುತ್ತದೆ. ಮದುವೆಯಿಂದ ಸುಖವೇ ಎಂಬ ಹಳೆಯ ಜಗಳಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಯಾಕೆಂದರೆ ಆ ಜಗಳದಲ್ಲಿ ಬಹುಕಾಲ ಚಲಾವಣೆಯಲ್ಲಿದ್ದುದು ಬೇರೆಯದೇ ಪುರಾವೆ. ಯಾವುದೋ ಒಂದು ದಿನ ಊರಿನ ಮದುವೆಯಾದವರನ್ನೂ ಆಗದವರನ್ನೂ ಕೇಳಿ, ಎರಡು ಗುಂಪುಗಳ ಸರಾಸರಿ ತೆಗೆಯುವುದು. ಬಹುತೇಕ ದೇಶಗಳಲ್ಲಿ ಮದುವೆಯಾದವರ ಅಂಕಿ ತುಸು ಮೇಲೆಯೇ ಇರುತ್ತದೆ. 'ನೋಡಿ, ನಾವು ಹೇಳಿರಲಿಲ್ಲವೇ' ಎನ್ನಲು ಹಿರಿಯರಿಗೆ ಅಷ್ಟು ಸಾಕು. ಆದರೆ ಈ ಲೆಕ್ಕದಲ್ಲಿ ಒಂದು ತೂತಿದೆ. ಹತ್ತನೇ ತರಗತಿಯಲ್ಲಿ ಶೇ 95 ದಾಟಿದವರಿಗಷ್ಟೇ ಸೀಟು ಕೊಡುವ ಪಿಯು ಕಾಲೇಜು, ಎರಡು ವರ್ಷ ಬಿಟ್ಟು ರ‍್ಯಾಂಕುಗಳ ಫ್ಲೆಕ್ಸ್ ಕಟ್ಟಿದರೆ ಅದರಲ್ಲಿ ಕಾಲೇಜಿನ ಪಾಲೆಷ್ಟು, ಹುಡುಗರದ್ದೆಷ್ಟು? ಮದುವೆಯೂ ಇಂಥದೇ ಕಾಲೇಜಾಗಿರಬಹುದಲ್ಲ? ಜ್ಯೂರಿಕ್ ವಿಶ್ವವಿದ್ಯಾಲಯದ ಅಲೋಯಿಸ್ ಸ್ಟುಟ್ಜರ್ ಮತ್ತು ಬ್ರೂನೊ ಫ್ರೈ ಎಂಬ ಅರ್ಥಶಾಸ್ತ್ರಜ್ಞರು ಜರ್ಮನಿಯ 17 ವರ್ಷಗಳ ಅಂಕಿಗಳಲ್ಲಿ ಇದನ್ನೇ ಹುಡುಕಿ 2006ರಲ್ಲಿ ಪ್ರಕಟಿಸಿದರು. ಮುಂದೆ ಮದುವೆಯಾಗಲಿದ್ದವರು, ಕೊನೆಯವರೆಗೂ ಒಂಟಿಯಾಗಿ ಉಳಿದವರಿಗಿಂತ, ಮದುವೆಗೆ ಎಷ್ಟೋ ವರ್ಷ ಮೊದಲೇ ಹೆಚ್ಚು ತೃಪ್ತರಾಗಿದ್ದರು. ನಗುಮುಖದವರಿಗೆ ಸಂಗಾತಿ ಬೇಗ ಸಿಗುತ್ತಾರೆ ಎಂದು ಇದನ್ನು ಸರಳವಾಗಿ ಓದಿಕೊಳ್ಳಬಹುದು.

ಇದಕ್ಕೂ ಮೂರು ವರ್ಷ ಮೊದಲು, 2003ರಲ್ಲಿ, ಇದೇ ಕಡತಗಳಿಂದ ಬಂದ ಇನ್ನೊಂದು ಅಧ್ಯಯನ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಲ್ಯೂಕಾಸ್, ಅರ್ಥಶಾಸ್ತ್ರಜ್ಞರಾದ ಆಂಡ್ರ್ಯೂ ಕ್ಲಾರ್ಕ್, ಯಾನಿಸ್ ಜಾರ್ಜೆಲಿಸ್, ಸುಖದ ಅಧ್ಯಯನವನ್ನೇ ಬದುಕಾಗಿಸಿಕೊಂಡಿದ್ದ ಎಡ್ ಡೀನರ್ ಸೇರಿ 24,000ಕ್ಕೂ ಹೆಚ್ಚು ಜನರ 15 ವರ್ಷಗಳ ಉತ್ತರಗಳನ್ನು ಜಾಲಾಡಿದರು. ಮದುವೆ ಹತ್ತಿರವಾದಂತೆ ಅಂಕಿ ಏರುತ್ತದೆ. ಮದುವೆಯ ವರ್ಷ ಶಿಖರ. ಆಮೇಲೆ ಇಳಿಯತೊಡಗಿ, ಒಂದೆರಡು ವರ್ಷಗಳಲ್ಲಿ ಸರಾಸರಿ ಮನುಷ್ಯ ಮದುವೆಗೆ ಮುಂಚೆ ಎಲ್ಲಿದ್ದನೋ ಹೆಚ್ಚುಕಡಿಮೆ ಅಲ್ಲಿಗೇ ಬಂದು ನಿಲ್ಲುತ್ತಾನೆ. ಶಿಖರ ಎಂದದ್ದೂ ದೊಡ್ಡ ಮಾತೇ. ಹತ್ತರ ಅಳತೆಯಲ್ಲಿ ಆ ಏರಿಕೆ ಸರಾಸರಿ ಅರ್ಧ ಅಂಕವೂ ಇರಲಿಲ್ಲ. ಅರ್ಧ ಅಂಕಕ್ಕಾಗಿ ಛತ್ರ, ವಾಲಗ, ಮೂರು ದಿನದ ಅಡುಗೆ, ಬೀಗರೂಟ!

ಈ ಫಲಿತಾಂಶಕ್ಕೆ ಹಿನ್ನೆಲೆಯಲ್ಲಿ ಒಂದು ಸಿದ್ಧಾಂತವಿತ್ತು. ಫಿಲಿಪ್ ಬ್ರಿಕ್‌ಮನ್ ಮತ್ತು ಡೊನಾಲ್ಡ್ ಕ್ಯಾಂಪ್‌ಬೆಲ್ 1971ರಲ್ಲಿ ಮುಂದಿಟ್ಟ ವಾದ ಅದು: ಮನುಷ್ಯ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಬಹುಬೇಗ ಒಗ್ಗಿಕೊಳ್ಳುತ್ತಾನೆ, ಎಷ್ಟು ಓಡಿದರೂ ಸುಖದ ಮಟ್ಟ ಇದ್ದಲ್ಲೇ ಇರುತ್ತದೆ. ಮದುವೆಯ ಅಂಕಿಗಳು ಈ ವಾದಕ್ಕೆ ಹೇಳಿ ಮಾಡಿಸಿದಂತೆ ಕಂಡವು. ಎರಡೇ ವರ್ಷದಲ್ಲಿ ಮದುವೆಯ ಸುಖ ಆರಿಹೋಗುತ್ತದೆ ಎಂದು ಜಗತ್ತಿನಾದ್ಯಂತ ತಲೆಬರಹಗಳು ಬಂದವು.

ಆ ತಲೆಬರಹ ಬರೆದವರು ಅಧ್ಯಯನದ ಉಳಿದ ಅರ್ಧ ಓದಿರಲಿಲ್ಲ ಎಂದೇ ಹೇಳಬೇಕು. ಸರಾಸರಿ ಮೊದಲಿದ್ದ ಜಾಗಕ್ಕೆ ಬಂದಿತ್ತು ನಿಜ, ಆದರೆ ಜನ ಬಂದಿರಲಿಲ್ಲ. ಮದುವೆಯ ಆರಂಭದಲ್ಲಿ ಚೆನ್ನಾಗಿ ಮೇಲೇರಿದವರಲ್ಲಿ ಅನೇಕರು ವರ್ಷಗಳ ನಂತರವೂ ಮೇಲೆಯೇ ಇದ್ದರು. ಆರಂಭದಲ್ಲೇ ಕುಸಿದವರು ಕೆಳಗೇ ಉಳಿದಿದ್ದರು. ಇಬ್ಬರನ್ನೂ ಕೂಡಿಸಿ ಭಾಗಿಸಿದಾಗ 'ಏನೂ ಆಗಲಿಲ್ಲ' ಎಂಬ ಉತ್ತರ ಬಂದಿತ್ತು, ಅಷ್ಟೇ. ಇನ್ನೊಂದು ಸೂಕ್ಷ್ಮ ಸಂಗತಿಯೂ ಅಲ್ಲಿತ್ತು: ಮದುವೆಗೆ ಮೊದಲೇ ಗೆಳೆಯರು, ಕೆಲಸ, ನೆಮ್ಮದಿ ಎಲ್ಲ ಇದ್ದವರಿಗೆ ಮದುವೆಯಿಂದ ಸಿಕ್ಕ ಲಾಭ ಕಡಿಮೆ. ಒಂಟಿತನದಲ್ಲಿ ನವೆದವರಿಗೆ ಹೆಚ್ಚು. ಮದುವೆಯಾಗದ ಮೂವತ್ತೈದರ ಮಗಳು ಕೆಲಸದಲ್ಲಿ, ಗೆಳತಿಯರ ನಡುವೆ ಹಾಯಾಗಿದ್ದಾಳೆ ಎನ್ನುವುದನ್ನು ನಂಬದೆ 'ಯಾವಾಗಮ್ಮ ಊಟ ಹಾಕಿಸ್ತೀಯ' ಎಂದು ಪ್ರತಿ ಸಮಾರಂಭದಲ್ಲೂ ಕೇಳುವ ನೆಂಟರು ಈ ಭಾಗವನ್ನು ಎರಡು ಸಲ ಓದಬೇಕು.

ಅಳತೆಯ ಆರಂಭದ ಗೆರೆಯ ಬಗ್ಗೆಯೂ ತಕರಾರು ಎದ್ದಿತು. ತಕರಾರು ತೆಗೆದವರಲ್ಲಿ ರಿಚರ್ಡ್ ಈಸ್ಟರ್ಲಿನ್ ಒಬ್ಬರು. ದೇಶದ ಆದಾಯ ಏರಿದಷ್ಟೂ ಜನರ ಸುಖ ಏರುವುದಿಲ್ಲ ಎಂಬ ಮಾತನ್ನು 1974ರಲ್ಲೇ ಆಡಿ ಹೆಸರಾದ ಅರ್ಥಶಾಸ್ತ್ರಜ್ಞ ಇವರು. ಅಂಕೆ ಜಿಮ್ಮರ್‌ಮನ್ ಜೊತೆ 2006ರಲ್ಲಿ ಬರೆದ ಲೇಖನದಲ್ಲಿ ಅವರು ಜರ್ಮನಿಯ ಬದುಕಿನ ಒಂದು ಸಾಮಾನ್ಯ ಸಂಗತಿಯನ್ನು ನೆನಪಿಸಿದರು. ಅಲ್ಲಿ ಮದುವೆಯ ದಿನ ಇಬ್ಬರೂ ಹೊಸ ಮನೆಗೆ ಕಾಲಿಡುವುದಿಲ್ಲ. ಅನೇಕರು ಅದಕ್ಕೂ ಮೊದಲೇ ಕೆಲವು ವರ್ಷ ಒಂದೇ ಸೂರಿನಡಿ ಇದ್ದವರು. ಹಾಗಿರುವಾಗ ಮದುವೆಗೆ ಒಂದೆರಡು ವರ್ಷ ಮುಂಚಿನ ಅಂಕಿಯನ್ನು 'ಒಂಟಿ ಬದುಕಿನ ಸುಖ' ಎಂದು ಹಿಡಿದರೆ ಲೆಕ್ಕ ತಪ್ಪುತ್ತದೆ. ನಿಜಕ್ಕೂ ಒಂಟಿಯಾಗಿದ್ದ ಕಾಲಕ್ಕೆ ಹೋಲಿಸಿದರೆ, ಜೊತೆಗಿರಲು ಶುರು ಮಾಡಿದಾಗಲೇ ಸುಖ ಏರಿತ್ತು. ಮದುವೆಯ ಹೊಸತಿನ ಸಂಭ್ರಮ ಎರಡು ವರ್ಷಕ್ಕೆ ಕರಗಿದರೂ ಅಂಕಿ ಒಂಟಿ ಕಾಲದ ಮಟ್ಟಕ್ಕಿಂತ ಮೇಲೆಯೇ ನಿಂತಿತ್ತು. ತಾಳಿ, ಉಂಗುರ, ರಿಜಿಸ್ಟ್ರಾರ್ ಕಚೇರಿಯ ಸಹಿಗಿಂತ ಬಾಗಿಲ ಒಳಗೆ ಇನ್ನೊಬ್ಬರಿದ್ದಾರೆ ಎಂಬುದೇ ಅಲ್ಲಿ ಹೆಚ್ಚು ತೂಗಿತ್ತು.

ಅಮೆರಿಕದಲ್ಲೂ ಇದೇ ಬಗೆಯ ಫಲಿತಾಂಶ ಬಂತು. ಕೆಲ್ಲಿ ಮ್ಯೂಸಿಕ್ ಮತ್ತು ಲ್ಯಾರಿ ಬಂಪಸ್ 2012ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮದುವೆಯಾದವರಿಗೂ ಮದುವೆಯಿಲ್ಲದೆ ಕೂಡಿ ಬಾಳಿದವರಿಗೂ ಸುಖದ ಗಳಿಕೆಯಲ್ಲಿ ದೊಡ್ಡ ಅಂತರವಿಲ್ಲ, ಇಬ್ಬರ ಗಳಿಕೆಯೂ ಕಾಲ ಕಳೆದಂತೆ ಸವೆಯುತ್ತದೆ. ಜೋಡಿಯಾದವರು ಅಪ್ಪ ಅಮ್ಮನಿಂದ, ಗೆಳೆಯರಿಂದ ದೂರವಾಗುತ್ತಾರೆ ಎಂಬುದೂ ಅಲ್ಲಿ ಕಂಡಿತು. ನಮ್ಮಲ್ಲಿ ಮದುವೆಯಾದೊಡನೆ ಗಂಡನ ಕಡೆಯ ಹತ್ತಾರು ಮಂದಿ ಬದುಕಿನೊಳಗೆ ಬರುತ್ತಾರೆ. ಆದರೂ ಹುಡುಗಿಯ ಹಳೆಯ ಗೆಳತಿಯರು ಮಾಯವಾಗುವ ವಿಷಯದಲ್ಲಿ ಮಂಡ್ಯಕ್ಕೂ ಅಮೆರಿಕದ ಮ್ಯಾಡಿಸನ್‌ಗೂ ಬಹಳ ವ್ಯತ್ಯಾಸವಿರಲಿಕ್ಕಿಲ್ಲ.

ಹಾಗಾದರೆ ಮದುವೆಯ ಕಾಗದಕ್ಕೆ ಬೆಲೆಯೇ ಇಲ್ಲವೇ? ಅದು ಊರಿನ ಮೇಲೆ ನಿಂತಿದೆ. ನೆದರ್ಲೆಂಡ್ಸ್‌ನ ಜುಡಿತ್ ಸೂನ್ಸ್ ಮತ್ತು ಮ್ಯಾಥೈಸ್ ಕಾಲ್ಮೈನ್ ಯುರೋಪಿನ 30 ದೇಶಗಳನ್ನು ಹೋಲಿಸಿ 2009ರಲ್ಲಿ ಬರೆದಿದ್ದು ಹೀಗೆ: ಮದುವೆಯಿಲ್ಲದೆ ಕೂಡಿ ಬಾಳುವುದು ಮಾಮೂಲಾಗಿರುವ ದೇಶಗಳಲ್ಲಿ ಹಾಗೆ ಬಾಳುವವರಿಗೂ ಮದುವೆಯಾದವರಿಗೂ ಸುಖದಲ್ಲಿ ಅಂತರ ಕಡಿಮೆ. ಹಾಗಿರುವುದನ್ನು ಸಮಾಜ ಓರೆಗಣ್ಣಿನಿಂದ ನೋಡುವ ದೇಶಗಳಲ್ಲಿ ಅಂತರ ಹೆಚ್ಚು. ಸ್ವೀಡನ್‌ನಲ್ಲಿ ಇಂಥ ಜೋಡಿಗಳಿಗೆ 'ಸಾಂಬೊ' ಎಂಬ ಹೆಸರಿದೆ, ಬೇರೆಯಾದರೆ ಮನೆ ಮತ್ತು ಸಾಮಾನು ಹೇಗೆ ಹಂಚಬೇಕು ಎಂದು ಹೇಳುವ ಕಾನೂನಿದೆ. ಫ್ರಾನ್ಸ್ 1999ರಲ್ಲಿ ಮದುವೆಗಿಂತ ಸಡಿಲವಾದ 'ಪ್ಯಾಕ್ಸ್' ಎಂಬ ಒಪ್ಪಂದವನ್ನು ತಂದಿತು. ಅಂಥಲ್ಲಿ ಜೋಡಿಗಳಿಗೆ ಬಾಡಿಗೆ ಮನೆಯ ಮಾಲೀಕನ ಎದುರು ಸುಳ್ಳು ಹೇಳುವ ಕಷ್ಟವಿಲ್ಲ.

ಬೆಂಗಳೂರಿನಲ್ಲಿ ಆ ಕಷ್ಟ ಇದೆ. 'ಫ್ಯಾಮಿಲಿಗೆ ಮಾತ್ರ' ಎಂಬ ಬೋರ್ಡಿನ ಮುಂದೆ ನಿಂತ ಜೋಡಿ ಮೊದಲು ತಾವು ಯಾರೆಂದು ನಿರ್ಧರಿಸಬೇಕು. ಊರಿಂದ ಅಮ್ಮ ಬರುತ್ತಾರೆಂದರೆ ಒಬ್ಬರ ಬಟ್ಟೆಬರೆ ಗೆಳೆಯನ ರೂಮಿಗೆ ಹೋಗುತ್ತದೆ. ಕಾನೂನು ಇವರ ವಿರುದ್ಧವಿಲ್ಲ. ವಯಸ್ಕರಿಬ್ಬರು ಮದುವೆಯಾಗದೆ ಒಟ್ಟಿಗಿರುವುದು ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ನಟಿ ಖುಷ್ಬೂ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ 'ಮದುವೆಯ ಸ್ವರೂಪದ ಸಂಬಂಧ'ದಲ್ಲಿರುವ ಹೆಣ್ಣಿಗೂ ರಕ್ಷಣೆ ಕೊಡುತ್ತದೆ. ಆದರೆ ಆ ಮಾತಿನ ಅಂಚು ಎಲ್ಲಿ ಮುಗಿಯುತ್ತದೆ ಎಂಬುದನ್ನು ತೋರಿಸಿದ್ದು ಬೆಂಗಳೂರಿನದೇ ಪ್ರಕರಣ. ಖಾಸಗಿ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ ಮಹಿಳೆ ವಿವಾಹಿತ ಗಂಡಸಿನೊಂದಿಗೆ ಸುಮಾರು 18 ವರ್ಷ ಬಾಳಿದರು. ಅವನು ಬಿಟ್ಟುಹೋದಾಗ ನ್ಯಾಯಾಲಯದ ಮೆಟ್ಟಿಲೇರಿದರು. ಕೆಳಗಿನ ಕೋರ್ಟು ಜೀವನಾಂಶ ಕೊಡಿಸಿತು, ಕರ್ನಾಟಕ ಹೈಕೋರ್ಟು ಅದನ್ನು ರದ್ದು ಮಾಡಿತು. 2013ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೂ, ಅವನಿಗೆ ಹೆಂಡತಿ ಇರುವುದು ಗೊತ್ತಿದ್ದೇ ಇದ್ದ ಸಂಬಂಧ ಇದು, ಮದುವೆಯ ಸ್ವರೂಪದ್ದಲ್ಲ ಎಂದಿತು. ಇಂಥ ಸಂಬಂಧಗಳಲ್ಲಿ ಬೀದಿಗೆ ಬೀಳುವ ಹೆಂಗಸರ ಬಗ್ಗೆ ಸಂಸತ್ತು ಯೋಚಿಸಬೇಕು ಎಂದೂ ಅದೇ ತೀರ್ಪು ಹೇಳಿತು. ಉತ್ತರಾಖಂಡ 2025ರ ಜನವರಿಯಿಂದ ಇಂಥ ಜೋಡಿಗಳು ಒಂದು ತಿಂಗಳೊಳಗೆ ಹೆಸರು ನೋಂದಾಯಿಸಬೇಕೆಂಬ ನಿಯಮ ತಂದಿದೆ. ನೋಂದಣಿ ರಕ್ಷಣೆಗೆ ಎಂದು ಸರ್ಕಾರ ಹೇಳುತ್ತದೆ. ಮನೆಯವರಿಗೆ ಹೆದರಿ ಊರು ಬಿಟ್ಟ ಜೋಡಿಗೆ ಸರ್ಕಾರಿ ಕಚೇರಿಯ ದಾಖಲೆ ಎಂಥ ರಕ್ಷಣೆ ಕೊಟ್ಟೀತು ಎಂಬುದು ಅನುಮಾನದ ವಿಷಯ.

ಕೂಡಿ ಬಾಳುವುದು ಪಟ್ಟಣದ ಹೊಸ ಚಾಳಿ ಎನ್ನುವ ಮಾತಿಗೂ ಹೆಚ್ಚು ಆಧಾರವಿಲ್ಲ. ಜಾರ್ಖಂಡದ ಆದಿವಾಸಿ ಹಳ್ಳಿಗಳಲ್ಲಿ 'ಢುಕು' ಎಂದು ಕರೆಸಿಕೊಳ್ಳುವ ಜೋಡಿಗಳಿದ್ದಾರೆ. ಊರಿಗೆಲ್ಲ ಊಟ ಹಾಕಿಸುವ ಶಕ್ತಿಯಿಲ್ಲದ್ದರಿಂದ ಮದುವೆಯಿಲ್ಲದೆ ಬಾಳಿ, ಮಕ್ಕಳು ದೊಡ್ಡವರಾದ ಮೇಲೆ ಸಾಮೂಹಿಕ ವಿವಾಹದಲ್ಲಿ ಹಾರ ಬದಲಿಸಿಕೊಂಡವರು ಎಷ್ಟೋ ಮಂದಿ. ಕರ್ನಾಟಕದಲ್ಲೂ ಅನೇಕ ಸಮುದಾಯಗಳಲ್ಲಿ ವಿಧವೆಗೆ, ಗಂಡ ಬಿಟ್ಟವಳಿಗೆ ಸೀರುಡಿಕೆಯ ದಾರಿ ಇತ್ತು. ಮದುವೆಯಷ್ಟು ಗೌರವ ಅದಕ್ಕೆ ಸಿಗದಿದ್ದರೂ ಹೆಣ್ಣು ಎರಡನೆಯ ಸಲ ಬದುಕು ಕಟ್ಟಿಕೊಳ್ಳುವ ಅವಕಾಶ ಅದಾಗಿತ್ತು.

ಊಟದ ಮಾತು ಬಂತು, ಖರ್ಚಿನ ಬಗ್ಗೆಯೂ ಒಂದು ಮಾತು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಇಬ್ಬರು ಅರ್ಥಶಾಸ್ತ್ರಜ್ಞರು, ಆಂಡ್ರ್ಯೂ ಫ್ರಾನ್ಸಿಸ್ ಮತ್ತು ಹ್ಯೂಗೊ ಮಿಯಾಲನ್, ಮದುವೆಯಾದ 3,000ಕ್ಕೂ ಹೆಚ್ಚು ಮಂದಿಯ ಖರ್ಚುವೆಚ್ಚ ಕೇಳಿದರು. ಉಂಗುರಕ್ಕೂ ಸಮಾರಂಭಕ್ಕೂ ಹೆಚ್ಚು ಸುರಿದವರ ಮದುವೆಗಳು ಮುರಿಯುವ ಸಂಭವ ಹೆಚ್ಚಿತ್ತು. ವಿಚಿತ್ರವೆಂದರೆ ಹೆಚ್ಚು ಜನ ಬಂದಿದ್ದ ಮದುವೆಗಳು ಗಟ್ಟಿಯಾಗಿದ್ದವು. ಜನ ಹೆಚ್ಚು, ದುಡ್ಡು ಕಡಿಮೆ! ಸಾಲ ಮಾಡಿ ಮದುವೆ ಮಾಡಿದ ಮನೆಯಲ್ಲಿ ಮೊದಲ ಜಗಳ ಯಾವುದರ ಬಗ್ಗೆ ನಡೆಯುತ್ತದೆ ಎಂದು ತಿಳಿಯಲು ಅರ್ಥಶಾಸ್ತ್ರ ಓದಬೇಕಿಲ್ಲ. ಕುವೆಂಪು ಮಂತ್ರ ಮಾಂಗಲ್ಯವೆಂಬ ಸರಳ ವಿವಾಹ ಕ್ರಮವನ್ನು ರೂಪಿಸಿ, 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನೇ ಆ ಕ್ರಮದಲ್ಲಿ ಮಾಡಿದಾಗ ಮನಸ್ಸಿನಲ್ಲಿದ್ದ ಕಾಳಜಿಗಳಲ್ಲಿ ಈ ಸಾಲದ ಹೊರೆಯೂ ಒಂದು.

ಇನ್ನು, ಭಾರತೀಯರು ಎದೆಯುಬ್ಬಿಸಿ ಎತ್ತಿ ಹೇಳುವ ಒಂದು ಸಂಶೋಧನೆ ಇದೆ. 1982ರಲ್ಲಿ ಜೈಪುರದಲ್ಲಿ ಉಷಾ ಗುಪ್ತಾ ಮತ್ತು ಪುಷ್ಪಾ ಸಿಂಗ್ 50 ದಂಪತಿಗಳನ್ನು ಪರೀಕ್ಷಿಸಿದರು. ಪ್ರೀತಿಸಿ ಮದುವೆಯಾದವರಲ್ಲಿ ಐದು ವರ್ಷ ಕಳೆದ ಮೇಲೆ ಪ್ರೀತಿಯ ಅಂಕ ತಗ್ಗಿತ್ತು, ಹಿರಿಯರು ನೋಡಿ ಮಾಡಿದ ಮದುವೆಗಳಲ್ಲಿ ವರ್ಷ ಕಳೆದಷ್ಟೂ ಏರಿತ್ತು. 'ನಾವು ಮದುವೆಯಾದ ಮೇಲೆ ಪ್ರೀತಿಸುತ್ತೇವೆ' ಎಂಬ ಭಾಷಣಗಳಿಗೆ ಇಂದಿಗೂ ಇದೇ ಬಂಡವಾಳ. ಆದರೆ ಆ 50 ದಂಪತಿಗಳನ್ನು ವರ್ಷ ವರ್ಷ ಹಿಂಬಾಲಿಸಿರಲಿಲ್ಲ. ಈಚೆಗೆ ಮದುವೆಯಾದ ಜೋಡಿ ಒಂದು, ಹತ್ತು ವರ್ಷ ಹಳೆಯ ಜೋಡಿ ಇನ್ನೊಂದು, ಹೀಗೆ ಬೇರೆ ಬೇರೆಯವರನ್ನು ಒಂದೇ ಸಲ ಕೇಳಿ ಹೋಲಿಸಿದ್ದರು. ಐವತ್ತು ಜೋಡಿಗಳನ್ನು ಹಾಗೆ ತುಂಡು ಮಾಡಿದರೆ ಒಂದೊಂದು ಗುಂಪಿಗೆ ಬೆರಳೆಣಿಕೆಯಷ್ಟು ಮಂದಿ ಸಿಗುತ್ತಾರೆ. ಅಮೆರಿಕದಲ್ಲಿ ನೆಲೆಸಿದ ಭಾರತೀಯರ ನಡುವೆ ಪಮೇಲಾ ರೀಗನ್ ಮತ್ತು ಸಂಗಡಿಗರು 2012ರಲ್ಲಿ ಮಾಡಿದ ಅಧ್ಯಯನದಲ್ಲಿ ಎರಡೂ ಬಗೆಯ ಮದುವೆಗಳ ನಡುವೆ ತೃಪ್ತಿಯಲ್ಲಾಗಲಿ ಪ್ರೀತಿಯಲ್ಲಾಗಲಿ ಅಂತರವೇ ಕಾಣಲಿಲ್ಲ. ಅದೂ ಸಣ್ಣ ಅಧ್ಯಯನವೇ. ಹೆಣ್ಣು ನೋಡಲು ಹೋಗಿದ್ದರೇ, ಕಾಲೇಜಿನ ಕ್ಯಾಂಟೀನಿನಲ್ಲಿ ಸಿಕ್ಕಿದ್ದರೇ ಎಂಬುದರಿಂದ ಹತ್ತನೆಯ ವರ್ಷದ ಸುಖವನ್ನು ಊಹಿಸಲಾಗದು ಎಂದು ಧೈರ್ಯವಾಗಿ ಹೇಳಬಹುದು.

ಯಾವುದರಿಂದ ಊಹಿಸಬಹುದು ಎಂಬ ಪ್ರಶ್ನೆಗೆ ಇದುವರೆಗಿನ ಒಳ್ಳೆಯ ಉತ್ತರ ಬ್ರಿಟನ್‌ನ ಅಂಕಿಗಳಿಂದ ಬಂದಿದೆ. ಕೆನಡಾದ ಷಾನ್ ಗ್ರೋವರ್ ಮತ್ತು ಜಾನ್ ಹೆಲಿವೆಲ್ ಬ್ರಿಟನ್‌ನ ಎರಡು ದೊಡ್ಡ ಸಮೀಕ್ಷೆಗಳನ್ನು ಇಟ್ಟುಕೊಂಡು 2014ರಲ್ಲಿ ತಮ್ಮ ಲೆಕ್ಕ ಹೊರಗಿಟ್ಟರು. ಮನುಷ್ಯರ ತೃಪ್ತಿ ಹರೆಯದಲ್ಲಿ ಮೇಲಿದ್ದು, ನಲವತ್ತೈದು ಐವತ್ತರ ಹೊತ್ತಿಗೆ ತಳ ಮುಟ್ಟಿ, ಇಳಿವಯಸ್ಸಿನಲ್ಲಿ ಮತ್ತೆ ಏರುವುದನ್ನು ಅನೇಕ ದೇಶಗಳಲ್ಲಿ ಗುರುತಿಸಿದ್ದಾರೆ. ಮಕ್ಕಳ ಫೀಸು, ಮನೆ ಸಾಲದ ಕಂತು, ಅಪ್ಪನ ಡಯಾಲಿಸಿಸ್, ಕಚೇರಿಯಲ್ಲಿ ತನಗಿಂತ ಚಿಕ್ಕವನ ಕೈಕೆಳಗೆ ಕೆಲಸ ಎಲ್ಲ ಒಟ್ಟಿಗೆ ಬೀಳುವ ವಯಸ್ಸು ಅದು. ಗ್ರೋವರ್-ಹೆಲಿವೆಲ್ ಕಂಡಂತೆ, ಮದುವೆಯಾದವರಲ್ಲಿ ಆ ತಗ್ಗು ಅಷ್ಟು ಆಳವಿರಲಿಲ್ಲ. ಮದುವೆಗೆ ಮೊದಲಿದ್ದ ಸುಖವನ್ನು ಕಳೆದು ಲೆಕ್ಕ ಹಾಕಿದರೂ ಲಾಭ ಉಳಿದಿತ್ತು. ಮದುವೆಯ ಲಾಭವನ್ನು ಮೊದಲೆರಡು ವರ್ಷದಲ್ಲಿ ಹುಡುಕಿದವರು ಬಿತ್ತನೆಯ ತಿಂಗಳಲ್ಲೇ ಇಳುವರಿ ಅಳೆದಿದ್ದರು.

ಅದಕ್ಕಿಂತ ಮುಖ್ಯವಾದ ಅಂಕಿ ಇನ್ನೊಂದು. ನಿಮ್ಮ ಅತ್ಯಂತ ಆಪ್ತ ಗೆಳೆಯ ಅಥವಾ ಗೆಳತಿ ಯಾರು ಎಂದು ಆ ಸಮೀಕ್ಷೆಗಳಲ್ಲಿ ಒಂದರಲ್ಲಿ ಕೇಳಿದ್ದರು. ಗಂಡನನ್ನೋ ಹೆಂಡತಿಯನ್ನೋ ಹೆಸರಿಸಿದವರಿಗೆ ಮದುವೆಯಿಂದ ಸಿಕ್ಕ ಸುಖ ಉಳಿದವರಿಗೆ ಸಿಕ್ಕಿದ್ದರ ಸುಮಾರು ಎರಡರಷ್ಟಿತ್ತು. ಮದುವೆಯಾಗದೆ ಜೊತೆಗಿದ್ದವರಲ್ಲೂ ಗೆಳೆತನ ಇದ್ದ ಕಡೆ ಲಾಭ ಹೆಚ್ಚಿತ್ತು. ನಮ್ಮಲ್ಲಿ ಸಾಲಾವಳಿ ನೋಡುವಾಗ ಮೂವತ್ತಾರು ಗುಣಗಳಲ್ಲಿ ಗ್ರಹಮೈತ್ರಿಗೆ ಐದು ಅಂಕ, ನಾಡಿಗೆ ಎಂಟು. ಗ್ರಹಗಳ ಗೆಳೆತನಕ್ಕೆ ಅಂಕ ಕೊಡುವ ಪದ್ಧತಿ, ಹುಡುಗ ಹುಡುಗಿಯ ಗೆಳೆತನ ಕುದುರಲು ಕೊಡುವ ಸಮಯ ಹಲವು ಮನೆಗಳಲ್ಲಿ ಮಹಡಿಯ ಮೇಲಿನ ಕಾಲು ಗಂಟೆ. ದೇಶದಾದ್ಯಂತ ನಡೆದ ಮಾನವ ಅಭಿವೃದ್ಧಿ ಸಮೀಕ್ಷೆಯ 2011-12ರ ಸುತ್ತಿನಲ್ಲಿ, ಗಂಡನನ್ನು ತಾವೇ ಆರಿಸಿಕೊಂಡೆವು ಎಂದ ಹೆಂಗಸರು ನೂರಕ್ಕೆ ಸುಮಾರು ಐದು ಮಂದಿ.

ಗೆಳೆತನ ಎಲ್ಲಿ ಸವೆಯುತ್ತದೆ ಎಂದು ನೋಡಲು ಗಡಿಯಾರ ಸಾಕು. ಕೇಂದ್ರ ಸರ್ಕಾರ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಅದಕ್ಕೆಂದು 289 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 88. ಅದೂ ಗಂಡಸರಲ್ಲಿ ಯಾರು ಮಾಡುತ್ತಾರೋ ಅವರ ಸರಾಸರಿ. ಮಾಡದೇ ಇರುವವರೇ ಹೆಚ್ಚು. ಸಂಜೆ ಏಳಕ್ಕೆ ಇಬ್ಬರೂ ಕೆಲಸದಿಂದ ಮನೆಗೆ ಬಂದು ಒಬ್ಬರು ಸೋಫಾಕ್ಕೂ ಒಬ್ಬರು ಕುಕ್ಕರಿಗೂ ಹೋಗುವ ಮನೆಯಲ್ಲಿ ಆಪ್ತ ಗೆಳೆಯ ಯಾರು ಎಂದು ಕೇಳಿದರೆ ಇಬ್ಬರ ಉತ್ತರ ಒಂದೇ ಆಗಿರುವುದು ಅನುಮಾನ.

ಮಗು ಬಂದ ಮೇಲೆ ಈ ಲೆಕ್ಕ ಇನ್ನೂ ಓರೆಯಾಗುತ್ತದೆ. ಜೀನ್ ಟ್ವೆಂಗಿ ಮತ್ತು ಸಂಗಡಿಗರು 2003ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮಕ್ಕಳಿರುವ ದಂಪತಿಗಳ ದಾಂಪತ್ಯ ತೃಪ್ತಿ ಕಡಿಮೆ ಇತ್ತು, ಕೂಸಿನ ತಾಯಂದಿರಲ್ಲಂತೂ ಎದ್ದು ಕಾಣುವಷ್ಟು. ಇದು ಮಕ್ಕಳ ತಪ್ಪಲ್ಲ. ಜೆನಿಫರ್ ಗ್ಲಾಸ್ ತಂಡ 2016ರಲ್ಲಿ 22 ದೇಶಗಳನ್ನು ಹೋಲಿಸಿದಾಗ, ಸಂಬಳ ಸಹಿತ ರಜೆ ಮತ್ತು ಕೈಗೆಟಕುವ ಶಿಶುವಿಹಾರ ಇರುವ ದೇಶಗಳಲ್ಲಿ ತಂದೆತಾಯಿಗಳು ಮಕ್ಕಳಿಲ್ಲದವರಿಗಿಂತ ಕಡಿಮೆ ಸುಖಿಗಳಾಗಿರಲಿಲ್ಲ. ಅಮೆರಿಕದಲ್ಲಿ ಕಂದಕ ದೊಡ್ಡದಿತ್ತು. ಇನ್ನೊಂದು ತುದಿಯಲ್ಲಿ, ಕ್ಯಾಲಿಫೋರ್ನಿಯಾದ ಮಿಲ್ಸ್ ಕಾಲೇಜಿನಲ್ಲಿ ಓದಿದ ಹೆಂಗಸರನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನವೊಂದರಲ್ಲಿ, ಮಕ್ಕಳು ಮನೆ ಬಿಟ್ಟ ಮೇಲೆ ದಾಂಪತ್ಯದ ತೃಪ್ತಿ ಏರಿತು. ಗಂಡನ ಜೊತೆ ಕಳೆಯುವ ಹೊತ್ತು ಹೆಚ್ಚಿದ್ದಕ್ಕಲ್ಲ, ಆ ಹೊತ್ತು ಹಿತವಾಗಿದ್ದಕ್ಕೆ.

ಹಾಗೆಂದು ಹಿತ ತಾನಾಗಿ ಬರುವುದೂ ಇಲ್ಲ. ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ ಆರ್ಥರ್ ಏರನ್ 2000ದಲ್ಲಿ ಪ್ರಕಟಿಸಿದ ಪ್ರಯೋಗ ನೆನೆದರೆ ನಗು ಬರುತ್ತದೆ. ದಂಪತಿಗಳ ಕೈಗೆ ಕೈ, ಕಾಲಿಗೆ ಕಾಲು ಪಟ್ಟಿಯಿಂದ ಕಟ್ಟಿ, ನಡುವೆ ದಿಂಬು ಇಟ್ಟು, ಕೈಯಲ್ಲಿ ಹಿಡಿಯದೆ ಅದನ್ನು ಚಾಪೆಯ ಮೇಲೆ ಅಂಬೆಗಾಲಿಕ್ಕಿ ಸಾಗಿಸಿರಿ ಎಂದರು. ಇನ್ನೊಂದು ಗುಂಪಿಗೆ ಚೆಂಡು ಉರುಳಿಸುವ ನೀರಸ ಕೆಲಸ. ಬಿದ್ದು ಎದ್ದು ದಿಂಬು ಸಾಗಿಸಿದವರೇ ಆಮೇಲೆ ತಮ್ಮ ಸಂಬಂಧಕ್ಕೆ ಹೆಚ್ಚು ಅಂಕ ಕೊಟ್ಟರು. ಹೊಸದೇನನ್ನಾದರೂ ಇಬ್ಬರೂ ಸೇರಿ ಮಾಡುವುದು ಸವೆತವನ್ನು ತುಸು ತಡೆಯುತ್ತದೆ ಎಂಬುದು ಏರನ್ ಕೊಟ್ಟ ಅರ್ಥ.

ಸುಖ ಬೇಗ ಕರಗುತ್ತದೆ, ದುಃಖಕ್ಕೆ ಆ ಅವಸರ ಇಲ್ಲ. ಲ್ಯೂಕಾಸ್ ತಂಡದ 2003ರ ಅಧ್ಯಯನದಲ್ಲಿ ಸಂಗಾತಿ ಸತ್ತವರ ತೃಪ್ತಿ ಹಳೆಯ ಮಟ್ಟದ ಹತ್ತಿರಕ್ಕೆ ಬರಲು ಸರಾಸರಿ ಎಂಟು ವರ್ಷ ಹಿಡಿದಿತ್ತು. ಅದು ಪಿಂಚಣಿ, ವೈದ್ಯಕೀಯ ವಿಮೆ ಇರುವ ಜರ್ಮನಿಯ ಲೆಕ್ಕ. 2011ರ ಜನಗಣತಿಯಂತೆ ನಾಲ್ಕು ಕೋಟಿಗೂ ಹೆಚ್ಚು ವಿಧವೆಯರಿರುವ, ಶುಭಕಾರ್ಯದಲ್ಲಿ ಅವರನ್ನು ಹಿಂದಿನ ಸಾಲಿಗೆ ತಳ್ಳುವ ದೇಶಕ್ಕೆ ಆ ಎಂಟು ವರ್ಷ ಸಾಲಲಿಕ್ಕಿಲ್ಲ. ವಿಚ್ಛೇದನದ ಕತೆ ಬೇರೆ. ಅಲ್ಲಿ ಅಂಕಿ ಕುಸಿಯುವುದು ಕೋರ್ಟಿನ ಆದೇಶಕ್ಕೆ ಬಹಳ ಮೊದಲು, ಇಬ್ಬರೂ ಒಂದೇ ಮನೆಯಲ್ಲಿ ಇರುವಾಗಲೇ. ಬೇರೆಯಾದ ಮೇಲೆ ಅದು ನಿಧಾನಕ್ಕೆ ಮೇಲೇರುತ್ತದೆ. ಪೂರ್ತಿ ಹಳೆಯ ಮಟ್ಟ ತಲುಪುತ್ತದೆಯೇ ಎಂಬುದರಲ್ಲಿ ಸಂಶೋಧಕರಿಗೇ ಒಮ್ಮತವಿಲ್ಲ.

ಬಿಟ್ಟುಹೋಗುವ ಬಾಗಿಲು ತೆರೆದಿದ್ದರೆ ಬಿಡದೇ ಇರುವವರಿಗೂ ಒಳ್ಳೆಯದಾಗುತ್ತದೆ ಎಂಬುದಕ್ಕೆ ಗಟ್ಟಿ ಸಾಕ್ಷಿ ಅಮೆರಿಕದಲ್ಲಿದೆ. 1970ರ ದಶಕದಲ್ಲಿ ಅಲ್ಲಿನ ರಾಜ್ಯಗಳು ಒಂದೊಂದಾಗಿ, ಗಂಡ ಹೆಂಡಿರಲ್ಲಿ ಒಬ್ಬರೇ ಕೇಳಿದರೂ ವಿಚ್ಛೇದನ ಕೊಡುವ ಕಾನೂನು ತಂದವು. ಬೆಟ್ಸಿ ಸ್ಟೀವನ್‌ಸನ್ ಮತ್ತು ಜಸ್ಟಿನ್ ವುಲ್ಫರ್ಸ್ 2006ರಲ್ಲಿ ತೋರಿಸಿದಂತೆ, ಆ ರಾಜ್ಯಗಳಲ್ಲಿ ಹೆಂಗಸರ ಆತ್ಮಹತ್ಯೆ ಶೇ 8ರಿಂದ 16ರಷ್ಟು ಇಳಿಯಿತು, ಮನೆಯೊಳಗಿನ ಹೊಡೆತ ಬಡಿತ ಸುಮಾರು ಶೇ 30ರಷ್ಟು ತಗ್ಗಿತು. ಹೊಡೆದರೆ ಇವಳು ಹೋಗಬಲ್ಲಳು ಎಂದು ಗೊತ್ತಾದ ಕೈ ತಡೆದುಕೊಂಡಿತು. ಭಾರತದಲ್ಲಿ ವಿಚ್ಛೇದನ ಅಪರೂಪ. 2011ರ ಜನಗಣತಿಯಲ್ಲಿ ವಿಚ್ಛೇದಿತರು ಸುಮಾರು 13.6 ಲಕ್ಷ, ವಿವಾಹಿತರ ಶೇ 0.24 ಮಾತ್ರ. ಕಾಗದವಿಲ್ಲದೆ ಸುಮ್ಮನೆ ಬೇರೆಯಾಗಿ ಬದುಕುತ್ತಿದ್ದವರು ಅದರ ಸುಮಾರು ಮೂರರಷ್ಟು. ವಿಚ್ಛೇದನ ಕಡಿಮೆ ಇರುವುದನ್ನೇ ಸುಖದ ಪುರಾವೆ ಎಂದು ವೇದಿಕೆಗಳಲ್ಲಿ ಹೇಳುವವರು ಕರ್ನಾಟಕದ ಒಂದು ಅಂಕಿ ನೋಡಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ, 18ರಿಂದ 49 ವರ್ಷದ ಮದುವೆಯಾದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದೆವು ಎಂದವರು ರಾಜ್ಯದಲ್ಲಿ ಶೇ 44.4. ದೇಶದ ಸರಾಸರಿ 29.3. ಹಿಂದಿನ ಸುತ್ತಿನಲ್ಲಿ ಕರ್ನಾಟಕದ ಅಂಕಿ 20.6 ಇತ್ತು. ಏರಿಕೆಯಲ್ಲಿ ಒಂದಿಷ್ಟು, ಹಿಂದೆ ಬಾಯಿ ಬಿಡದವರು ಈಗ ಹೇಳುತ್ತಿರುವುದರಿಂದ ಬಂದಿರಬಹುದು. ಹಾಗಿದ್ದರೂ ಅದು ಸಮಾಧಾನ ಪಡುವ ಸಂಖ್ಯೆಯಲ್ಲ.

ಮದುವೆಯಾದ ಮೊದಲ ವರ್ಷ ಹೆಣ್ಣಿನ ತವರಿನವರು ಗೌರಿ ಹಬ್ಬಕ್ಕೆ ಬಾಗಿನ ಕೊಡುತ್ತಾರೆ, ದೀಪಾವಳಿಗೆ ಅಳಿಯನನ್ನೂ ಕರೆಸುತ್ತಾರೆ, ದಿನಕ್ಕೆರಡು ಸಲ ಫೋನು ಮಾಡುತ್ತಾರೆ. ಇಷ್ಟು ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಅಂಕಿ ಮೇಲಿರುವುದು ಆ ವರ್ಷವೇ. ಇಳಿಯುವುದು ಎರಡನೆಯ ಮೂರನೆಯ ವರ್ಷ, ಕೂಸು ಕೈಗೆ ಬಂದಾಗ, ನಲವತ್ತು ದಾಟಿದಾಗ. ಆದ್ದರಿಂದ ಮಗಳನ್ನೂ ಮಗನನ್ನೂ ಐದನೆಯ ವರ್ಷ, ಹದಿನೈದನೆಯ ವರ್ಷ ಒಬ್ಬೊಬ್ಬರನ್ನೇ ಕೂರಿಸಿಕೊಂಡು 'ಹೇಗಿದ್ದೀಯ' ಎಂದು ಕೇಳಿ. ಉತ್ತರ ತಡವಾದರೆ 'ಹೊಂದಿಕೊಂಡು ಹೋಗು' ಎನ್ನುವ ಮುನ್ನ ಪೂರ್ತಿ ಕೇಳಿಸಿಕೊಳ್ಳಿ. ಹೊಡೆತ ಬಡಿತದ ಮಾತು ಬಂದರೆ ಮಹಿಳಾ ಸಹಾಯವಾಣಿಯ ಸಂಖ್ಯೆ 181.